ಎಕ್ಸೆಲ್ ಗಾಡಿಯ ಕಾರ್ಬೊರೇಟರ್: ಯಾವ ಸ್ಕ್ರೂ, ಯಾವಾಗ, ಎಷ್ಟು?

ಹಳೆಯ ಟಿವಿಎಸ್ ಎಕ್ಸೆಲ್ ಸೂಪರ್ ಇಟ್ಟುಕೊಂಡವರನ್ನು ಮಾತಾಡಿಸಿದರೆ ಈಚೆಗೆ ಹೆಚ್ಚುಕಮ್ಮಿ ಒಂದೇ ದೂರು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎಕ್ಸಲೇಟರ್ ತಿರುವಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಇಂಜಿನ್ ಮೊದಲಿಗಿಂತ ಜಾಸ್ತಿ ಕಾಯುತ್ತದೆ. ಬಂಕಿನ ಪೆಟ್ರೋಲೇ ಸರಿಯಿಲ್ಲ ಎಂದು ಒಬ್ಬರು ಹೇಳಿದರೆ, ಕಾರ್ಬೊರೇಟರ್ ಟ್ಯೂನ್ ಮಾಡಿಸು ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜ ಇದೆ.

ಹಾಲಿನ ಕ್ಯಾನ್, ಹುಲ್ಲಿನ ಹೊರೆ, ಸಿಮೆಂಟ್ ಮೂಟೆ ಏನೇ ಹೇರಿದರೂ ಹೋಗುವ ಈ ಗಾಡಿಯ ಇಂಜಿನ್ 70 ಸಿಸಿಗಿಂತ ಒಂದು ಕೂದಲೆಳೆ ಕಡಿಮೆ. ಟೂ ಸ್ಟ್ರೋಕ್. ಗೇರಿಲ್ಲ, ಕ್ಲಚ್ ಹಿಡಿಯಿಲ್ಲ. 1972ರಲ್ಲಿ ಬಂದ ಲೂನಾ, 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಬಂದ ಟಿವಿಎಸ್ 50, ಇವೆಲ್ಲ ಒಂದೇ ಕುಟುಂಬದವು. ಈಗ ಕೆಲವರು ಸೈಕಲ್‌ಗೆ ಕಟ್ಟಿಕೊಳ್ಳುವ ಇಂಜಿನ್ ಕಿಟ್ ಕೂಡ ಒಳಗಿನಿಂದ ಇದೇ ಜಾತಿ. ಹಾಗಾಗಿ ಇಲ್ಲಿ ಹೇಳುವುದು ಎಲ್ಲಕ್ಕೂ ಬಹುಪಾಲು ಹೊಂದುತ್ತದೆ. 2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಮೇಲಿನ ಎಕ್ಸೆಲ್ 100ಗೆ ಮಾತ್ರ ಹೊಂದುವುದಿಲ್ಲ. ಅದರಲ್ಲಿ ಕಾರ್ಬೊರೇಟರೇ ಇಲ್ಲ. ಪೆಟ್ರೋಲ್ ಅಳತೆಯನ್ನು ಒಂದು ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

## ಕಾರ್ಬೊರೇಟರ್ ಮಾಡುವ ಕೆಲಸ

ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ, ಗಾಳಿ ಬೇಕು. ಅದೂ ಎಷ್ಟು ಬೇಕು ಗೊತ್ತಾ? ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ. ಗಾಳಿ ತುಂಬ ಹಗುರ, ಆದ್ದರಿಂದ ಈ ಲೆಕ್ಕವನ್ನು ಲೀಟರ್‌ಗೆ ತಂದರೆ ಬೆರಗಾಗುತ್ತದೆ: ಒಂದು ಲೀಟರ್ ಪೆಟ್ರೋಲ್‌ಗೆ ಹತ್ತಿರಹತ್ತಿರ 9,000 ಲೀಟರ್ ಗಾಳಿ. ಪೆಟ್ರೋಲನ್ನು ಸಣ್ಣ ಹನಿಗಳಾಗಿ ಒಡೆದು, ಈ ಪ್ರಮಾಣದಲ್ಲಿ ಗಾಳಿಗೆ ಬೆರೆಸಿ ಇಂಜಿನ್ನಿಗೆ ಕಳಿಸುವುದೇ ಕಾರ್ಬೊರೇಟರ್ ಕೆಲಸ.

ಇದನ್ನು ಅದು ಯಾವ ಪಂಪೂ ಇಲ್ಲದೆ ಮಾಡುತ್ತದೆ. ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪ್ ನೆನಪಿದೆಯಾ? ಹಿಡಿ ಒತ್ತಿದರೆ ಗಾಳಿ ರಭಸದಿಂದ ನುಗ್ಗುತ್ತದೆ. ಗಾಳಿ ಹಾಯುವ ದಾರಿಯಲ್ಲಿ ಒಂದು ಸಣ್ಣ ಕೊಳವೆಯ ಬಾಯಿ ಇರುತ್ತದೆ. ಗಾಳಿ ವೇಗವಾಗಿ ಹಾದಾಗ ಅಲ್ಲಿ ಒತ್ತಡ ತಗ್ಗಿ, ಡಬ್ಬಿಯೊಳಗಿನ ದ್ರವ ಕೊಳವೆಯಲ್ಲಿ ಮೇಲೇರಿ ತುಂತುರಾಗುತ್ತದೆ. ಕಾರ್ಬೊರೇಟರ್‌ನಲ್ಲೂ ಇದೇ ಆಗುತ್ತದೆ, ಗಾಳಿಯನ್ನು ಇಂಜಿನ್ನೇ ಎಳೆದುಕೊಳ್ಳುತ್ತದೆ ಅಷ್ಟೇ. ಗಾಳಿ ಹೋಗುವ ನಳಿಕೆ ನಡುವೆ ಕಿರಿದಾಗಿರುತ್ತದೆ. ಕಿರಿದಾದಲ್ಲಿ ವೇಗ ಹೆಚ್ಚುತ್ತದೆ, ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲಕ್ಕೆ ಬರುತ್ತದೆ.

ಆ ಬಟ್ಟಲಿನಲ್ಲಿ ಪೆಟ್ರೋಲ್ ಯಾವಾಗಲೂ ಒಂದೇ ಮಟ್ಟದಲ್ಲಿರಬೇಕು. ಅದಕ್ಕೆಂದೇ ಅಲ್ಲೊಂದು ಫ್ಲೋಟ್ ಇದೆ. ಪೆಟ್ರೋಲ್ ತುಂಬಿದಂತೆ ಫ್ಲೋಟ್ ಮೇಲೆದ್ದು ಚಿಕ್ಕ ಪಿನ್ನಿನಿಂದ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಈ ಪಿನ್ನಿನ ತುದಿ ಸವೆದರೆ ಅಥವಾ ಕಸ ಸಿಕ್ಕಿಕೊಂಡರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುತ್ತದೆ. ಮೆಕ್ಯಾನಿಕ್‌ಗಳು ಓವರ್‌ಫ್ಲೋ ಅನ್ನುವುದು ಇದಕ್ಕೇ.

## ಲೀನ್ ಅಂದರೇನು, ರಿಚ್ ಅಂದರೇನು

ಗ್ಯಾರೇಜಿನಲ್ಲಿ ಈ ಎರಡು ಪದ ಕಿವಿಗೆ ಬಿದ್ದೇ ಬೀಳುತ್ತವೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದರೆ ಲೀನ್. ಪೆಟ್ರೋಲ್ ಜಾಸ್ತಿಯಾದರೆ ರಿಚ್.

ರಿಚ್ ಆದ ಗಾಡಿ ಬುರ್ ಬುರ್ ಎಂದು ಓಡುತ್ತದೆ. ಹೊಗೆ ಜಾಸ್ತಿ, ಪೆಟ್ರೋಲ್ ವಾಸನೆ, ಮೈಲೇಜ್ ಕಮ್ಮಿ. ಬಿಸಿಯಾದಷ್ಟೂ ಮಂಕಾಗುತ್ತದೆ. ಜೇಬಿಗೆ ಕತ್ತರಿ, ಆದರೆ ಇಂಜಿನ್ನಿಗೆ ತಕ್ಷಣದ ಅಪಾಯ ಇಲ್ಲ.

ಲೀನ್ ಹಾಗಲ್ಲ. ಗಾಡಿ ಚುರುಕಾಗಿದೆ ಅಂತಲೇ ಮೊದಲು ಅನ್ನಿಸಬಹುದು. ಆಮೇಲೆ ಎಕ್ಸಲೇಟರ್ ಕೊಟ್ಟಾಗ ಮುಗ್ಗರಿಸುವುದು, ಎಕ್ಸಲೇಟರ್ ಬಿಟ್ಟರೂ ಇಂಜಿನ್ ಸದ್ದು ಬೇಗ ಇಳಿಯದಿರುವುದು, ಕಾರ್ಬೊರೇಟರ್ ಬಾಯಲ್ಲಿ ಟಪ್ ಎಂದು ಸಿಡಿಯುವುದು ಶುರುವಾಗುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಇದು ಸಣ್ಣ ವಿಷಯ ಅಲ್ಲ. ಇದರಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿಯಾದರೆ ಆಯಿಲ್ಲೂ ಕಮ್ಮಿ. ಒಂದು ಕಡೆ ಬಿಸಿ ಹೆಚ್ಚು, ಇನ್ನೊಂದು ಕಡೆ ಜಾರುಕ ಕಮ್ಮಿ. ಭಾರ ಹೇರಿಕೊಂಡು ಏರು ಹತ್ತುವಾಗ ಪಿಸ್ಟನ್ ಜಾಮ್ ಆಗುವುದು ಬಹಳ ಸಲ ಹೀಗೇ.

ಮೈಲೇಜ್ ಬರಲಿ ಎಂದು ಪೆಟ್ರೋಲ್ 'ಕಟ್' ಮಾಡಿಸುವ ಅಭ್ಯಾಸ ನಮ್ಮಲ್ಲಿದೆ. ಟೂ ಸ್ಟ್ರೋಕ್ ಗಾಡಿಯ ಮಟ್ಟಿಗೆ ಅದು ದುಬಾರಿ ಉಳಿತಾಯ. ಉಳಿದ ಪೆಟ್ರೋಲ್ ದುಡ್ಡು ಬೋರ್ ಮಾಡಿಸುವುದಕ್ಕೆ, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸುವುದಕ್ಕೆ, ಹೋಗುತ್ತದೆ.

ಗಾಡಿ ಲೀನೋ ರಿಚ್ಚೋ ಎಂದು ತಿಳಿಯಲು ಸುಲಭದ ದಾರಿ ಚೋಕ್. ಚೋಕ್ ಎಳೆದರೆ ಮಿಶ್ರಣ ರಿಚ್ ಆಗುತ್ತದೆ. ಇಂಜಿನ್ ಬಿಸಿಯಾದ ಮೇಲೂ ಅರ್ಧ ಚೋಕ್ ಎಳೆದಾಗ ಗಾಡಿ ಚೆನ್ನಾಗಿ ಓಡಿದರೆ ಅದು ಲೀನ್ ಇತ್ತು ಅಂತ ಅರ್ಥ. ಇನ್ನೂ ಕೆಟ್ಟದಾಗಿ ಕೆಮ್ಮಿದರೆ ಮೊದಲೇ ರಿಚ್ ಇತ್ತು. ಒಂದು ಸ್ಪ್ಯಾನರ್ ಕೂಡ ಬೇಡ.

## ಇ20 ಬಂದಮೇಲೆ ಏನು ಬದಲಾಯಿತು

ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಇ20. 2023ರ ಫೆಬ್ರವರಿ 6ರಂದು ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟಿದ್ದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಕಾರ್ಯಕ್ರಮದಲ್ಲಿ. ಆಗ ಕೆಲವೇ ಬಂಕುಗಳಲ್ಲಿ ಸಿಗುತ್ತಿತ್ತು. 2025ರ ಹೊತ್ತಿಗೆ ಮಾಮೂಲಿ ಪೆಟ್ರೋಲ್ ಅಂದರೆ ಇ20 ಎನ್ನುವಂತಾಯಿತು.

ಎಥೆನಾಲ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಆಮ್ಲಜನಕವೇ ಇದೆ. ಉರಿಯಲು ಬೇಕಾದ್ದನ್ನು ಅದು ಸ್ವಲ್ಪ ತಾನೇ ತರುತ್ತದೆ. ಹಾಗಾಗಿ ಒಂದು ಗ್ರಾಂ ಎಥೆನಾಲ್‌ಗೆ ಬರೀ 9 ಗ್ರಾಂ ಗಾಳಿ ಸಾಕು. ಬರೀ ಪೆಟ್ರೋಲ್‌ಗೆ 14.7 ಗ್ರಾಂ ಗಾಳಿ ಬೇಕಾದರೆ, ಶೇ. 10 ಎಥೆನಾಲ್ ಇರುವ ಪೆಟ್ರೋಲ್‌ಗೆ ಸುಮಾರು 14.1, ಇ20ಗೆ ಸುಮಾರು 13.5 ಗ್ರಾಂ.

ಹಳೆಯ ಕಾರ್ಬೊರೇಟರ್‌ಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದರ ತೂತುಗಳು ಹಳೆಯ ಲೆಕ್ಕದವು. ಬಟ್ಟಲಿಗೆ ಏನು ಬಂದರೂ ಅದೇ ಅಳತೆಯಲ್ಲಿ ಬಿಡುತ್ತದೆ. ಬೇಕಾದ್ದಕ್ಕಿಂತ ಗಾಳಿ ಜಾಸ್ತಿಯಾಗುತ್ತದೆ, ಅಂದರೆ ಗಾಡಿ ಸ್ವಲ್ಪ ಲೀನ್ ಕಡೆಗೆ ವಾಲುತ್ತದೆ. ಶೇ. 10ರಿಂದ 20ಕ್ಕೆ ಹೋದಾಗ ಆಗುವ ವ್ಯತ್ಯಾಸ ಶೇ. 4ರಷ್ಟು. ಚೆನ್ನಾಗಿರುವ ಗಾಡಿಗೆ ಇದು ಅಷ್ಟೇನೂ ತಿಳಿಯದು. ಮೊದಲೇ ಅಂಚಿನಲ್ಲಿದ್ದ ಗಾಡಿಗೆ, ಅದರಲ್ಲೂ ಪೆಟ್ರೋಲ್ ಕಟ್ ಮಾಡಿಸಿದ ಗಾಡಿಗೆ, ಚೆನ್ನಾಗಿ ತಿಳಿಯುತ್ತದೆ.

ಮೈಲೇಜ್ ಇಳಿಯುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನಲ್ಲಿರುವುದರ ಮೂರನೇ ಎರಡು ಭಾಗ. ಇ10ಗೆ ಹೊಂದಿಸಿದ ದ್ವಿಚಕ್ರ ವಾಹನಗಳ ಮೈಲೇಜ್ ಶೇ. 3ರಿಂದ 4ರಷ್ಟು ಕಮ್ಮಿಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಇದನ್ನು ಯಾವ ಸ್ಕ್ರೂ ತಿರುವಿಯೂ ವಾಪಸ್ ತರಲಾಗದು.

ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡು ಮೂರು ತಿಂಗಳು ನಿಂತ ಗಾಡಿಯ ಬಟ್ಟಲು ಬಿಚ್ಚಿದರೆ ತಳದಲ್ಲಿ ಕದಡಿದ ನೀರು, ಬಿಳಿಯ ಪುಡಿ ಕಾಣುವುದು ಇದರಿಂದಲೇ. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಉಬ್ಬುವುದೂ ಉಂಟು. ಗಾಡಿಯನ್ನು ತುಂಬ ದಿನ ನಿಲ್ಲಿಸುವುದಿದ್ದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ಬಂದ್ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಬಟ್ಟಲು ಖಾಲಿ ಮಾಡುವುದು ಒಳ್ಳೆಯದು.

## ತೊಂದರೆ ಎಕ್ಸಲೇಟರ್‌ನ ಯಾವ ಜಾಗದಲ್ಲಿ?

ಇಡೀ ಟ್ಯೂನಿಂಗ್‌ನ ಗುಟ್ಟು ಇಲ್ಲಿದೆ. ಕಾರ್ಬೊರೇಟರ್ ಹೊರಗೆ ಒಂದೇ ಆದರೂ ಒಳಗೆ ಕೆಲಸ ಹಂಚಿಕೊಂಡಿದೆ. ಎಕ್ಸಲೇಟರ್ ಎಷ್ಟು ತಿರುವಿದ್ದೀರಿ ಎನ್ನುವುದರ ಮೇಲೆ ಬೇರೆ ಬೇರೆ ಭಾಗ ಪೆಟ್ರೋಲ್ ಕೊಡುತ್ತದೆ. ಆದ್ದರಿಂದ ಗಾಡಿ ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡಿದರೆ ಯಾವ ಭಾಗವನ್ನು ಮುಟ್ಟಬೇಕು ಎಂದು ತಿಳಿಯುತ್ತದೆ. ಫುಲ್ ಸ್ಪೀಡಿನಲ್ಲಿ ಎಳೆಯದ ಗಾಡಿಗೆ ಐಡ್ಲಿಂಗ್ (ಎಕ್ಸಲೇಟರ್ ಕೊಡದೆ ಇಂಜಿನ್ ಓಡುವುದು) ಸ್ಕ್ರೂ ತಿರುವಿ ಏನೂ ಪ್ರಯೋಜನವಿಲ್ಲ. ಆದರೂ ಎಷ್ಟೋ ಕಡೆ ಮೊದಲು ಆಗುವುದು ಅದೇ, ಯಾಕೆಂದರೆ ಆ ಸ್ಕ್ರೂ ಹೊರಗೇ ಇದೆ, ಕೈಗೆ ಸಿಗುತ್ತದೆ.

ಎಕ್ಸಲೇಟರ್ ಹಿಡಿಯ ಮೇಲೆ ಒಂದು ತುಂಡು ಟೇಪು ಅಂಟಿಸಿ, ಪಕ್ಕದಲ್ಲಿ ಪೂರ್ತಿ ಮುಚ್ಚಿದ ಜಾಗ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿಕೊಳ್ಳಿ. ಸುಮ್ನೆ ಅಂದಾಜಿನಲ್ಲಿ ನೋಡುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸ ಇದೆ.

ಮುಚ್ಚಿದ ಜಾಗದಿಂದ ಎಂಟನೇ ಒಂದು ಭಾಗದವರೆಗೆ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಅದು ಗುಂಡುಸೂಜಿಯೂ ತೂರದಷ್ಟು ಸಣ್ಣ ತೂತು. ಅದರ ಜೊತೆ ಏರ್ ಸ್ಕ್ರೂ ಕೆಲಸ ಮಾಡುತ್ತದೆ. ಸ್ಟಾರ್ಟಿಂಗ್ ತೊಂದರೆ, ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗುವುದು, ಇವೆಲ್ಲ ಈ ಜಾಗದವು. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡ್ ಎಂಬ ಉರುಟಾದ ಬಾಗಿಲಿನ ಕೆಳಗಿನ ಓರೆ ಮುಖ್ಯ. ಎಕ್ಸಲೇಟರ್ ವಯರ್ ಎಳೆಯುವುದು ಈ ಸ್ಲೈಡನ್ನೇ. ಇದನ್ನು ಸಾಮಾನ್ಯವಾಗಿ ಯಾರೂ ಬದಲಿಸುವುದಿಲ್ಲ.

ಕಾಲಿನಿಂದ ಮುಕ್ಕಾಲಿನವರೆಗಿನ ದೊಡ್ಡ ಜಾಗ ಸೂಜಿಯದು. ಸ್ಲೈಡ್‌ನ ನಡುವೆ ತೂಗುವ ಹಿತ್ತಾಳೆ ಸೂಜಿ ಕೆಳಗಿನ ತೂತಿನೊಳಗೆ ಇಳಿದಿರುತ್ತದೆ. ಸೂಜಿಯ ತುದಿ ಕಿರಿದು, ಮೇಲೆ ದಪ್ಪ. ಸ್ಲೈಡ್ ಮೇಲೆದ್ದಂತೆ ಸೂಜಿಯೂ ಏಳುತ್ತದೆ, ಸುತ್ತಲ ಸಂದು ಹಿಗ್ಗುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ದಿನವೂ ನಾವು ಗಾಡಿ ಓಡಿಸುವುದು ಬಹುತೇಕ ಈ ಜಾಗದಲ್ಲೇ. ಮೈಲೇಜ್ ನಿರ್ಧಾರವಾಗುವುದೂ ಇಲ್ಲೇ, ಐಡ್ಲಿಂಗ್‌ನಲ್ಲಲ್ಲ.

ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್. ಸೂಜಿ ಪೂರ್ತಿ ಮೇಲೆದ್ದ ಮೇಲೆ ಪೆಟ್ರೋಲನ್ನು ಅಳೆಯುವುದು ಬಟ್ಟಲಿನ ತಳದಲ್ಲಿರುವ ಈ ಒಂದೇ ತೂತು.

ಈ ಗಡಿಗಳು ಗೆರೆ ಎಳೆದಂತಿರುವುದಿಲ್ಲ. ಒಂದರೊಳಗೆ ಒಂದು ಸೇರಿಕೊಂಡಿರುತ್ತವೆ. ಆದರೂ ದಾರಿ ತೋರಿಸುವುದಕ್ಕೆ ಇಷ್ಟು ಸಾಕು.

## ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಟ್ಯೂನಿಂಗ್ ಸಮಸ್ಯೆ ಎಂದು ಬರುವ ಗಾಡಿಗಳಲ್ಲಿ ಬಹುಪಾಲಿಗೆ ಬೇಕಾದ್ದು ಟ್ಯೂನಿಂಗ್ ಅಲ್ಲ, ಕ್ಲೀನಿಂಗ್. ಕಾರ್ಖಾನೆಯಿಂದ ಬಂದಾಗ ಸರಿ ಇದ್ದ ಸೂಜಿ, ಜೆಟ್ ತಾವಾಗಿ ಬದಲಾಗುವುದಿಲ್ಲ. ಕಸ ಕೂರುತ್ತದೆ, ಗಾಳಿ ಸೋರುತ್ತದೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ.

ಮೊದಲು ಏರ್ ಫಿಲ್ಟರ್. ಮಣ್ಣುರಸ್ತೆಯ ಧೂಳು ತುಂಬಿದ ಫಿಲ್ಟರ್ ಗಾಳಿ ತಡೆದು ಗಾಡಿಯನ್ನು ರಿಚ್ ಮಾಡುತ್ತದೆ. ಪಿಕಪ್ ಬರಲಿ ಎಂದು ಫಿಲ್ಟರ್ ಕಿತ್ತೇ ಹಾಕಿದರೆ ಉಲ್ಟಾ ಲೀನ್, ಜೊತೆಗೆ ಧೂಳು ನೇರ ಪಿಸ್ಟನ್ನಿಗೆ.

ಆಮೇಲೆ ಗಾಳಿ ಸೋರಿಕೆ. ಕಾರ್ಬೊರೇಟರ್ ಮತ್ತು ಇಂಜಿನ್ ನಡುವೆ ಸಂದು ಮುಚ್ಚಲು ಇಡುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹರಿದಿದ್ದರೆ ಅಥವಾ ನಟ್ ಸಡಿಲಾಗಿದ್ದರೆ ಅಳತೆಯಿಲ್ಲದ ಗಾಳಿ ಒಳಗೆ ನುಗ್ಗುತ್ತದೆ. ಇದನ್ನು ಯಾವ ಸ್ಕ್ರೂ ತಿರುವಿಯೂ ಸರಿಮಾಡಲಾಗದು. ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ಆ ಜೋಡಣೆಯ ಸುತ್ತ ಸೋಪಿನ ನೀರನ್ನು ತುಸು ಚಿಮುಕಿಸಿ. ಸದ್ದು ಬದಲಾದರೆ ಅಲ್ಲೇ ಸೋರಿಕೆ. ಪೆಟ್ರೋಲ್ ಚಿಮುಕಿಸಿ ನೋಡುವವರೂ ಇದ್ದಾರೆ. ಬಿಸಿ ಇಂಜಿನ್ ಮೇಲೆ ಅದು ಬೇಡವೇ ಬೇಡ.

ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಒಳಗೆ ಆಯಿಲ್ ಮಸಿ ಗಟ್ಟಿಯಾಗಿ ಕೂರುತ್ತದೆ. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಗಾಳಿ ಬರುವುದಾದರೂ ಹೇಗೆ? ಫುಲ್ ಎಕ್ಸಲೇಟರ್‌ನಲ್ಲಿ ಮಾತ್ರ ಉಸಿರುಗಟ್ಟಿದಂತೆ ಓಡುವ ಗಾಡಿಯಲ್ಲಿ ಮೇನ್ ಜೆಟ್ ಮೇಲೆ ಅನುಮಾನ ಪಡುವ ಮುಂಚೆ ಸೈಲೆನ್ಸರ್ ಬಿಚ್ಚಿ ನೋಡಬೇಕು.

ಕೊನೆಗೆ ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು. ಬಯಲಿನಲ್ಲಿ ಮಾಡಿ, ಇಂಜಿನ್ ತಣ್ಣಗಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಜೆಟ್‌ಗಳನ್ನು ಕಾರ್ಬ್ ಕ್ಲೀನರ್ ಹೊಡೆದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ಉರುಟಾದ ಬೆಳಕಿನ ಚುಕ್ಕೆ ಕಾಣಬೇಕು. ತಂತಿ ತೂರಿಸಿ ಕೆರೆಯಬಾರದು. ಯಾಕೆಂದು ಲೆಕ್ಕ ಹಾಕೋಣ. ಹಲವು ಕಾರ್ಬೊರೇಟರ್‌ಗಳಲ್ಲಿ ಜೆಟ್ ಮೇಲಿನ ಅಂಕಿ ತೂತಿನ ಅಗಲವನ್ನೇ ಹೇಳುತ್ತದೆ. 70 ಅಂದರೆ 0.70 ಮಿಲಿಮೀಟರ್. ಅದು ಕೆರೆತದಿಂದ 0.72 ಆದರೆ ತೂತಿನ ಹರವು ಸುಮಾರು ಶೇ. 6 ಹೆಚ್ಚುತ್ತದೆ. ಇ20ಯಿಂದ ಆದ ವ್ಯತ್ಯಾಸಕ್ಕಿಂತ ಇದೇ ದೊಡ್ಡದು. ಕೂದಲಿನಷ್ಟೂ ಇಲ್ಲದ ಕೆರೆತ ಗಾಡಿಯ ಮೈಲೇಜ್ ಬದಲಿಸಿಬಿಡುತ್ತದೆ.

## ಐಡ್ಲಿಂಗ್ ಸೆಟ್ ಮಾಡುವ ಕ್ರಮ

ಹೊರಗೆ ಎರಡು ಸ್ಕ್ರೂ ಇರಬಹುದು. ಒಂದು ಸ್ಲೈಡನ್ನು ಎತ್ತಿ ಹಿಡಿಯುವ ಐಡ್ಲಿಂಗ್ ಸ್ಕ್ರೂ. ಒಳಗೆ ತಿರುವಿದರೆ ಇಂಜಿನ್ ವೇಗ ಹೆಚ್ಚುತ್ತದೆ, ಅಷ್ಟೇ. ಇದು ಮಿಶ್ರಣವನ್ನು ನೇರವಾಗಿ ಮುಟ್ಟುವುದಿಲ್ಲ. ಇನ್ನೊಂದು ಏರ್ ಸ್ಕ್ರೂ. ಕೆಲವು ಮೊಪೆಡ್‌ಗಳಲ್ಲಿ, ಸೈಕಲ್ ಕಿಟ್‌ಗಳಲ್ಲಿ ಇದು ಇರುವುದೇ ಇಲ್ಲ. ಅಲ್ಲಿ ಐಡ್ಲಿಂಗ್ ಸ್ಕ್ರೂ ಒಂದೇ ಗತಿ.

ಏರ್ ಸ್ಕ್ರೂ ಇದ್ದರೆ ಅದು ಎಲ್ಲಿದೆ ನೋಡಿ. ಏರ್ ಫಿಲ್ಟರ್ ಬದಿಯಲ್ಲಿದ್ದರೆ ಅದು ಗಾಳಿಯನ್ನು ಅಳೆಯುತ್ತದೆ. ಬಿಗಿ ಮಾಡಿದರೆ ಗಾಳಿ ಕಮ್ಮಿ, ಮಿಶ್ರಣ ರಿಚ್. ಇಂಜಿನ್ ಬದಿಯಲ್ಲಿದ್ದರೆ ಅದು ಸಾಮಾನ್ಯವಾಗಿ ಪೆಟ್ರೋಲನ್ನು ಅಳೆಯುತ್ತದೆ. ಬಿಗಿ ಮಾಡಿದರೆ ಪೆಟ್ರೋಲ್ ಕಮ್ಮಿ, ಮಿಶ್ರಣ ಲೀನ್. ಇದನ್ನು ನೋಡದೆ ತಿರುವಿದರೆ ಉಲ್ಟಾ ಕಡೆಗೆ ಹೋಗುತ್ತೀರಿ.

ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಎಕ್ಸೆಲ್‌ನಲ್ಲಿ ಕ್ಲಚ್ ತಾನಾಗಿ ಹಿಡಿಯುತ್ತದೆ, ಐಡ್ಲಿಂಗ್ ಜಾಸ್ತಿಯಾದರೆ ಹಿಂದಿನ ಚಕ್ರ ತಿರುಗಲು ಶುರು ಮಾಡುತ್ತದೆ. ಚಕ್ರ ನೆಲಕ್ಕೆ ತಾಗಿದ್ದರೆ ಗಾಡಿ ನಿಮ್ಮನ್ನು ಬಿಟ್ಟು ಹೊರಟೀತು. ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿರಬೇಕು. ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗ್ ಬಿಸಿಯಾದ ಮೇಲೆ ನಿಲ್ಲುವುದಿಲ್ಲ.

ಈಗ ಇಂಜಿನ್ ಆಫ್ ಮಾಡಿ, ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುವಿ. ಎಷ್ಟು ಸುತ್ತು ಹೋಯಿತು ಎಂದು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಏನಾದರೂ ಎಡವಟ್ಟಾದರೆ ವಾಪಸ್ ಬರಲು ಅದೇ ದಾರಿ. ತಳ ಮುಟ್ಟಿದ ಮೇಲೆ ಬಿಗಿ ಮಾಡಬೇಡಿ, ಅದರ ಚೂಪು ತುದಿ ಕೂತ ಜಾಗ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಬಹುತೇಕ ಕಾರ್ಬೊರೇಟರ್‌ಗಳಿಗೆ ಇದು ಶುರು ಮಾಡುವ ಜಾಗ. ಸ್ಟಾರ್ಟ್ ಮಾಡಿ, ಐಡ್ಲಿಂಗ್ ಸ್ವಲ್ಪ ಜಾಸ್ತಿ ಇಡಿ.

ಇನ್ನು ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುವುತ್ತ ಹೋಗಿ. ಪ್ರತಿ ಸಲ ಕೆಲವು ಸೆಕೆಂಡ್ ಕಾಯಬೇಕು. ಇಂಜಿನ್ ತಕ್ಷಣ ಉತ್ತರ ಕೊಡುವುದಿಲ್ಲ. ಒಂದು ಕಡೆಗೆ ತಿರುವಿದಂತೆ ಸದ್ದು ಏರುತ್ತ ಹೋಗಿ, ಒಂದು ಹಂತದ ನಂತರ ಇಳಿಯಲು ಶುರುವಾಗುತ್ತದೆ. ಸದ್ದು ಎಲ್ಲಕ್ಕಿಂತ ಏರಿದ ಜಾಗವೇ ಸರಿಯಾದ ಜಾಗ. ಇ20 ಹಾಕುವ ಟೂ ಸ್ಟ್ರೋಕ್ ಗಾಡಿಯಾದರೆ ಅಲ್ಲಿಂದ ರಿಚ್ ಕಡೆಗೆ ಒಂದು ಚೂರು, ಕಾಲು ಸುತ್ತಿಗಿಂತಲೂ ಕಮ್ಮಿ, ಸರಿಸುವುದು ಕ್ಷೇಮ. ಆಮೇಲೆ ಐಡ್ಲಿಂಗ್ ಸ್ಕ್ರೂ ಸಡಿಲಿಸಿ ಹಿಂದಿನ ಚಕ್ರ ನಿಲ್ಲುವಷ್ಟಕ್ಕೆ ಇಳಿಸಿ.

ಪರೀಕ್ಷೆ ಹೀಗೆ: ಎಕ್ಸಲೇಟರ್‌ಗೆ ಒಂದು ಚಿಕ್ಕ ತಿರುವು ಕೊಟ್ಟು ಬಿಡಿ. ಇಂಜಿನ್ ತಡವರಿಸದೆ ಏರಿ, ತಡವಿಲ್ಲದೆ ಇಳಿಯಬೇಕು. ಇಳಿಯಲು ಎಳೆದಾಡಿದರೆ ಇನ್ನೂ ಲೀನ್ ಇದೆ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಪೂರ್ತಿ ಇಳಿದು ಆಫ್ ಆಗುವಂತಾದರೆ ರಿಚ್. ಏರ್ ಸ್ಕ್ರೂವನ್ನು ಅರ್ಧ ಸುತ್ತಿಗಿಂತ ಒಳಗೆ ಅಥವಾ ಮೂರು ಸುತ್ತಿಗಿಂತ ಹೊರಗೆ ತಂದರೆ ಮಾತ್ರ ಸರಿಹೋಗುತ್ತದೆ ಅಂದರೆ ಪೈಲಟ್ ಜೆಟ್ ಕಟ್ಟಿಕೊಂಡಿದೆ ಅಥವಾ ಯಾರೋ ಬೇರೆ ಸೈಜಿನದು ಹಾಕಿದ್ದಾರೆ.

## ಸೂಜಿ, ಮೇನ್ ಜೆಟ್, ಪ್ಲಗ್

ಸೂಜಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಗೀರುಗಳಿರುತ್ತವೆ. ಒಂದು ಗೀರಿಗೆ ಪುಟ್ಟ ಕ್ಲಿಪ್ ಸಿಕ್ಕಿಸಿರುತ್ತದೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಹಾಕಿದರೆ ಸೂಜಿ ಮೇಲೇರಿ ಕೂರುತ್ತದೆ, ಪೆಟ್ರೋಲ್ ಜಾಸ್ತಿ. ಮೇಲಿನ ಗೀರಿಗೆ ಹಾಕಿದರೆ ಸೂಜಿ ಇಳಿದು ಪೆಟ್ರೋಲ್ ಕಮ್ಮಿ. ಕ್ಲಿಪ್ ಇಳಿದರೆ ಸೂಜಿ ಏರುತ್ತದೆ ಎನ್ನುವುದು ಮೊದಲ ಸಲ ಎಲ್ಲರಿಗೂ ಗೊಂದಲ. ಅರ್ಧ ಎಕ್ಸಲೇಟರ್‌ನಲ್ಲಿ ಮುಗ್ಗರಿಸುವ, ಚೋಕ್ ಎಳೆದರೆ ಸುಧಾರಿಸುವ ಗಾಡಿಗೆ ಕ್ಲಿಪ್ಪನ್ನು ಒಂದು ಗೀರು ಇಳಿಸಿ ನೋಡಬಹುದು. ಒಂದು ಸಲಕ್ಕೆ ಒಂದೇ ಗೀರು, ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಕ್ಲಿಪ್ ತೆಗೆಯುವಾಗ ಕೆಳಗೆ ಬಟ್ಟೆ ಹಾಸಿಕೊಳ್ಳಿ. ಅದು ಹಾರಿದರೆ ಮತ್ತೆ ಸಿಗುವುದು ಅನುಮಾನ.

ಮೇನ್ ಜೆಟ್ ಸರಿ ಇದೆಯೇ ಎಂದು ತಿಳಿಯಲು ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ನೋಡುತ್ತಾರೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಫುಲ್ ಎಕ್ಸಲೇಟರ್‌ನಲ್ಲಿ ಓಡಿಸಿ, ಹಾಗೆಯೇ ಕೀ ಆಫ್ ಮಾಡಿ ಬದಿಗೆ ಬಂದು ನಿಲ್ಲಬೇಕು. ಐಡ್ಲಿಂಗ್‌ನಲ್ಲಿ ಬಿಟ್ಟರೆ ಪ್ಲಗ್‌ನ ಬಣ್ಣ ಬದಲಾಗಿ ತಪ್ಪು ಹೇಳುತ್ತದೆ. ಪ್ಲಗ್ ಕೈ ಸುಡುತ್ತದೆ, ಸ್ವಲ್ಪ ಆರಲಿ. ನಡುವಿನ ಪಿಂಗಾಣಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಒಣ ಮಸಿ ಕೂತಿದ್ದರೆ ರಿಚ್. ಎಣ್ಣೆಯಿಂದ ಒದ್ದೆಯಾಗಿದ್ದರೆ ಆಯಿಲ್ ಜಾಸ್ತಿಯಾಗಿದೆ ಅಥವಾ ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿಲ್ಲ.

ಬೆಳ್ಳಗಿದ್ದು, ಸೋರಿಕೆ, ಕಸ ಯಾವುದೂ ಇಲ್ಲದಿದ್ದರೆ ಮಾತ್ರ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕುವ ಮಾತು. ಇಲ್ಲಿ ಸಂಶಯ ಇದ್ದರೆ ದೊಡ್ಡ ಜೆಟ್ ಕಡೆಗೇ ಇರುವುದು ಮೇಲು. ಹೊಗೆ ಸ್ವಲ್ಪ ಜಾಸ್ತಿ ಬಂದೀತು, ಪಿಸ್ಟನ್ ಉಳಿಯುತ್ತದೆ.

## ಆಯಿಲ್ ಜಾಸ್ತಿ ಹಾಕಿದರೆ ಒಳ್ಳೆಯದೇ ಅಲ್ವಾ?

ಹಾಗನ್ನಿಸುವುದು ಸಹಜ. ಪೆಟ್ರೋಲ್‌ಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್) ಬೆರೆಸುವ ಗಾಡಿಗಳಲ್ಲಿ ಲೀಟರಿಗೆ 20 ಮಿಲಿ ಎಂಬ ಅಳತೆ ಸಾಮಾನ್ಯ. ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಜಾಮ್ ಆಗದಿರಲಿ ಎಂದು 40 ಮಿಲಿ ಹಾಕಿದರೆ ಏನಾಗುತ್ತದೆ? ಜೆಟ್‌ನ ತೂತಿನಲ್ಲಿ ಹಾಯುವ ದ್ರವದಲ್ಲಿ ಆಯಿಲ್ಲಿನ ಪಾಲು ಹೆಚ್ಚಿತು, ಪೆಟ್ರೋಲಿನ ಪಾಲು ತಗ್ಗಿತು. ಆಯಿಲ್ ಮಂದ ಇರುವುದರಿಂದ ಒಟ್ಟು ಹರಿವೂ ನಿಧಾನ. ಗಾಳಿ ಅಷ್ಟೇ ಇದೆ. ಅಂದರೆ ಆಯಿಲ್ ಜಾಸ್ತಿ ಮಾಡಿದ್ದಕ್ಕೆ ಮಿಶ್ರಣ ತುಸು ಲೀನ್ ಆಯಿತು. ಜೊತೆಗೆ ಪ್ಲಗ್, ಸೈಲೆನ್ಸರ್ ತುಂಬ ಮಸಿ. ಅಳತೆ ಬಿಟ್ಟು ಎರಡೂ ಕಡೆ ಹೋಗದಿರುವುದೇ ಸರಿ.

## ಘಾಟಿ ಹತ್ತಿದರೆ, ಇಳಿದರೆ

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 1,000 ಮೀಟರಿಗೆ ಸುಮಾರು ಶೇ. 10. ಮಂಗಳೂರಿನಲ್ಲಿ ಸೆಟ್ ಮಾಡಿದ ಗಾಡಿ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ತಲುಪಿದಾಗ ರಿಚ್ ಆಗಿರುತ್ತದೆ. ಇ20 ಎಳೆಯುವುದು ಲೀನ್ ಕಡೆಗೆ, ಬೆಟ್ಟ ಎಳೆಯುವುದು ರಿಚ್ ಕಡೆಗೆ. 900 ಮೀಟರ್ ಮೇಲಿರುವ ಬೆಂಗಳೂರಿನ ಗಾಡಿಯನ್ನು ಕರಾವಳಿಗೆ ಒಯ್ದರೆ ಮಾತ್ರ ಇದು ಗಮನಿಸಬೇಕಾದ ವಿಷಯ. ಕೆಳಗೆ ಗಾಳಿ ದಟ್ಟ, ಆದ್ದರಿಂದ ಇ20, ಗಾಳಿ ಎರಡೂ ಸೇರಿ ಒಂದೇ ಕಡೆಗೆ, ಲೀನ್ ಕಡೆಗೆ ಎಳೆಯುತ್ತವೆ.

ಘಾಟಿ ಇಳಿಯುವಾಗ ಇನ್ನೊಂದು ಎಚ್ಚರ. ಎಕ್ಸಲೇಟರ್ ಪೂರ್ತಿ ಮುಚ್ಚಿ ಮೈಲುಗಟ್ಟಲೆ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ಹನಿಹನಿ. ಆಯಿಲ್ಲೂ ಅಷ್ಟೇ. ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಎಕ್ಸಲೇಟರ್‌ಗೆ ಒಂದು ಸಣ್ಣ ತಿರುವು ಕೊಡುತ್ತಿದ್ದುದು ಇದಕ್ಕೇ.

## ಸೈಕಲ್‌ಗೆ ಇಂಜಿನ್ ಕಟ್ಟಿಕೊಂಡವರಿಗೆ

ಕಿಟ್‌ಗಳ ಕಾರ್ಬೊರೇಟರ್ ಇನ್ನೂ ಸರಳ: ಐಡ್ಲಿಂಗ್ ಸ್ಕ್ರೂ, ಸೂಜಿಯ ಕ್ಲಿಪ್, ಒಂದು ಮೇನ್ ಜೆಟ್. 80 ಸಿಸಿ ಎಂದು ಮಾರುವ ಕಿಟ್‌ಗಳಲ್ಲಿ ಹೆಚ್ಚಿನವು ಅಳೆದರೆ 66 ಸಿಸಿ. ಸೈಕಲ್ ಚೌಕಟ್ಟಿನ ನಡುಕಕ್ಕೆ ಕಾರ್ಬೊರೇಟರ್ ಹಿಡಿದ ನಟ್ಟುಗಳು ಬೇಗ ಸಡಿಲಾಗುತ್ತವೆ, ಆದ್ದರಿಂದ ಇವುಗಳಲ್ಲಿ ಲೀನ್ ಆಗಲು ಮೊದಲ ಕಾರಣ ಗಾಳಿ ಸೋರಿಕೆಯೇ. ಗ್ಯಾಸ್ಕೆಟ್ ಕಾಗದದ್ದಾದರೆ ಒಂದು ಹೆಚ್ಚುವರಿ ಕತ್ತರಿಸಿ ಇಟ್ಟುಕೊಂಡಿರುವುದು ಒಳ್ಳೆಯದು.

ಟ್ಯೂನಿಂಗ್‌ಗಿಂತ ಮುಂಚೆ ನೋಡಬೇಕಾದ ಇನ್ನೊಂದು ಅಂಕಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು, ಇಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನ ಅಲ್ಲ. ಮೀರಿದರೆ ಸೈಕಲ್ ಆದರೂ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ. ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು. 66 ಸಿಸಿ ಕಿಟ್ ಆ ಗೆರೆಯನ್ನು ಎಷ್ಟೋ ದಾಟಿದೆ.